ಕವಾಯಿಯ ಕಲಲೌ ಕಾಲುದಾರಿ: ಒಂದೇ ದಿನದಲ್ಲಿ ಎಲ್ಲಿಯವರೆಗೆ ಹೋಗಿಬರಬಹುದು?

ಪ್ರಶ್ನೆ: ಡಿಸೆಂಬರ್ ಕೊನೆಯ ವಾರ ಹವಾಯಿಯ ಕವಾಯಿ ದ್ವೀಪಕ್ಕೆ ಹೋಗುತ್ತಿದ್ದೇವೆ. ನಮ್ಮಿಬ್ಬರ ಜೊತೆ 10 ವರ್ಷದ ಮಗಳು ಮತ್ತು ಊರಿನಿಂದ ಬಂದಿರುವ 64 ವರ್ಷದ ಮಾವನವರು ಇರುತ್ತಾರೆ. ನಾ ಪಾಲಿ ಕಡಲಂಚಿನ ಕಲಲೌ ದಾರಿಯಲ್ಲಿ ಒಂದು ದಿನ ನಡೆಯಬೇಕೆಂಬ ಆಸೆಯಿದೆ. ಹನಕಾಪಿಯಾಯ್ ಕಡಲತೀರಕ್ಕೆ ಹೋಗಿ ಹಿಂದಿರುಗುವುದು ಒಳ್ಳೆಯದೋ, ಜಲಪಾತವನ್ನೂ ನೋಡಿ ಬರಬಹುದೋ? ಮಾವನವರು ಒಂದು ಕಾಲದಲ್ಲಿ ಕುಮಾರಪರ್ವತ ಹತ್ತಿದವರು, ಆದರೆ ಈಗ ಮಂಡಿನೋವಿದೆ. ಹೋಗಿಬಂದವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ: ನಾವು ಹೋಗಿದ್ದು ಜನವರಿಯಲ್ಲಿ. ಹಾಗಾಗಿ ನಿಮಗೆ ಸಿಗುವ ದಾರಿಯೂ ಹೆಚ್ಚುಕಡಿಮೆ ನಮಗೆ ಸಿಕ್ಕಂಥದ್ದೇ ಇರಬಹುದು. ಕಲಲೌ ದಾರಿಯ ಪೂರ್ತಿ ಉದ್ದ 11 ಮೈಲಿ. ದಾರಿ ಶುರುವಾಗುವ ಕೇಯೆ ಕಡಲತೀರದಿಂದ ಹನಕಾಪಿಯಾಯ್‌ಗೆ 2 ಮೈಲಿ, ಅಲ್ಲಿಂದ ಕಣಿವೆಯೊಳಗೆ ತಿರುಗಿದರೆ ಜಲಪಾತಕ್ಕೆ ಮತ್ತೆ 2 ಮೈಲಿ. ರಾತ್ರಿ ತಂಗುವ ಪರವಾನಗಿ ಇಲ್ಲದವರು ಹನಕಾಪಿಯಾಯ್ ಮೀರಿ ಕಲಲೌ ಕಡೆಗೆ ಹೋಗುವಂತಿಲ್ಲ.

ಎರಡು ಮೈಲಿ ಎಂದರೆ ಮೂರೂಕಾಲು ಕಿಲೋಮೀಟರು, ಬೆಳಗಿನ ವಾಕಿಂಗಿನಷ್ಟು ಎಂದುಕೊಂಡೇ ನಾವೂ ಹೊರಟೆವು. ಅಷ್ಟು ದೂರಕ್ಕೆ ಎರಡು ಗಂಟೆ ಹಿಡಿಯಿತು. ಸುಮಾರು 50 ಲಕ್ಷ ವರ್ಷ ಹಳೆಯ ಈ ಜ್ವಾಲಾಮುಖಿ ದ್ವೀಪದಲ್ಲಿ ಲಾವಾ ಬಂಡೆ ಮಳೆಗೆ ಕರಗಿ, ನಮ್ಮ ಮಲೆನಾಡಿನದನ್ನೇ ತಂದು ಹರಡಿದಂಥ ಕೆಂಪು ಮಣ್ಣಾಗಿದೆ. ಅದು ಒದ್ದೆಯಾದರೆ ಕಾಲು ಎಲ್ಲಿಟ್ಟರೂ ಜಾರುತ್ತದೆ. ಅದರ ಮೇಲೆ ಉದುರಿ ಕೊಳೆತ ಕಾಡುಸೀಬೆ ಹಣ್ಣುಗಳು ಬೇರೆ. ಏರುವಾಗ ಅಷ್ಟು ತೊಂದರೆಯಿಲ್ಲ, ತೀರದ ಕಡೆಗೆ ಇಳಿಯುವಾಗಲೇ ಮಂಡಿಯ ಪರೀಕ್ಷೆ. ಮಾವನವರಿಗೆ ಊರುಗೋಲು ಒಂದಲ್ಲ, ಎರಡು ಇರಲಿ.

ಆದರೆ ನೀವು ಎಲ್ಲಿಯವರೆಗೆ ಹೋಗಬಹುದೆಂದು ತೀರ್ಮಾನಿಸುವುದು ಮಂಡಿಯಲ್ಲ, ಹನಕಾಪಿಯಾಯ್ ಹಳ್ಳ. ಅದನ್ನು ದಾಟದೆ ಕಡಲತೀರವೂ ಇಲ್ಲ, ಜಲಪಾತವೂ ಇಲ್ಲ. ಸೇತುವೆಯಂತೂ ಇಲ್ಲವೇ ಇಲ್ಲ. ನಾವು ತಲುಪಿದಾಗ ನೀರು ಮೊಣಕಾಲಿಗಿಂತ ಕೆಳಗೇ ಇತ್ತು, ಕಲ್ಲುಗಳ ಮೇಲೆ ಹೆಜ್ಜೆಯಿಟ್ಟು ಜನ ದಾಟುತ್ತಿದ್ದರು. ತಿಂದು ದಾಟೋಣವೆಂದು ಕುಳಿತೆವು. ಊರಿನಲ್ಲಿ ಮಳೆಗಾಲದ ಹಳ್ಳಗಳನ್ನು ನೋಡಿ ಬೆಳೆದ ನನ್ನ ಹೆಂಡತಿ ಸುಮ್ಮನೆ ನೀರಂಚಿನಲ್ಲಿ ಒಂದು ಕಡ್ಡಿ ನೆಟ್ಟಳು. ನಮ್ಮ ತಲೆಯ ಮೇಲೆ ಬಿಸಿಲಿತ್ತು, ಕಣಿವೆಯ ತುದಿಯಲ್ಲಿ ಮಾತ್ರ ಮೋಡ ಕವಿದಿತ್ತು. ಅರ್ಧ ಗಂಟೆ ಕಳೆಯುವ ಮೊದಲೇ ತಿಳಿನೀರು ಚಹಾದ ಬಣ್ಣಕ್ಕೆ ತಿರುಗಿತು, ತರಗೆಲೆಗಳು ತೇಲಿಬರತೊಡಗಿದವು, ಕಡ್ಡಿ ಕಾಣದಾಯಿತು. ನಾವು ಚಪಾತಿಯ ಡಬ್ಬಿ ಮುಚ್ಚಿ ಹಿಂದಿರುಗಿದೆವು. ಆಚೆ ದಡದಲ್ಲಿದ್ದವರು ನೀರು ಇಳಿಯುವವರೆಗೆ ಕಾಯಬೇಕಾಯಿತು. 2014ರ ಏಪ್ರಿಲ್‌ನಲ್ಲಿ ಇದೇ ಹಳ್ಳ ಉಕ್ಕಿದಾಗ ಸಿಲುಕಿದ 121 ಜನರನ್ನು ಹೆಲಿಕಾಪ್ಟರಿನಲ್ಲಿ ಸಾಗಿಸಬೇಕಾಗಿತ್ತು. ಹಗ್ಗ ಕಟ್ಟಿರುವುದು ಕಂಡರೂ ಅದನ್ನು ನಂಬಿ ಇಳಿಯಬೇಡಿ.

ಎರಡನೆಯ ಉತ್ತರ: ಮೇಲಿನವರು ಹಳ್ಳದ ಬಗ್ಗೆ ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ, ಆದರೂ ಜಲಪಾತದ ಆಸೆಯನ್ನು ಮನೆಯಲ್ಲೇ ಕೈಬಿಡಬೇಡಿ ಎನ್ನುತ್ತೇನೆ. ನಾನು ಜುಲೈನಲ್ಲಿ ಹೋಗಿದ್ದೆ. ಬೆಳಿಗ್ಗೆ ಏಳಕ್ಕೆ ಹೊರಟವನು ಮರಳಿದ್ದು ಮಧ್ಯಾಹ್ನ ಮೂರಕ್ಕೆ. ಕಣಿವೆಯೊಳಗಿನ ದಾರಿಗೆ ಜನ ಕಡಿಮೆ. ಹಿಂದಿನ ಹವಾಯಿಯನ್ನರು ಕೆಸು ಬೆಳೆಯಲು ಕಟ್ಟಿದ್ದ ಮೆಟ್ಟಿಲುಗದ್ದೆಗಳ ಕಲ್ಲಿನ ಒಡ್ಡುಗಳು ಪಾಚಿ ಹಿಡಿದು ಇನ್ನೂ ನಿಂತಿವೆ. ಅಲ್ಲಿಯೇ 19ನೇ ಶತಮಾನದ ಕಾಫಿ ತೋಟವೊಂದರ ಗಿರಣಿಯ ಪಾಳು ಚಿಮಣಿಯೂ ಇದೆ. ಚಿಕ್ಕಮಗಳೂರಿನವನಾದ ನನಗೆ ಕೊನೆಯಲ್ಲಿ ಸಿಕ್ಕ 300 ಅಡಿಯ ಜಲಪಾತಕ್ಕಿಂತ ಇವನ್ನು ಬಿಟ್ಟುಬರಲು ಕಷ್ಟವಾಯಿತು. ಈ ಭಾಗದಲ್ಲಿ ಹಳ್ಳವನ್ನು ಇನ್ನೂ ಹಲವು ಸಲ ದಾಟಬೇಕು, ಬಂಡೆಗಳನ್ನು ಕೈಯೂರಿ ಹತ್ತಬೇಕು. ಡಿಸೆಂಬರಿನಲ್ಲಿ 10 ವರ್ಷದ ಮಗುವಿನೊಂದಿಗೆ ಹೋಗುವುದಾದರೆ, ಹಿಂದಿನ ಎರಡು ದಿನ ಮಳೆಯಾಗಿರದಿದ್ದರೆ ಮಾತ್ರ. ಜಲಪಾತದ ಬುಡದಲ್ಲಿ ನಿಲ್ಲಬೇಡಿ, ಮೇಲಿನಿಂದ ಕಲ್ಲು ಬೀಳುತ್ತವೆ.

ಮಾವನವರು ಮೊದಲ ಅರ್ಧ ಮೈಲಿ ಬಂದರೂ ಸಾಕು. ಅಲ್ಲಿ ನಿಂತರೆ ಹಿಂದೆ ಕೇಯೆಯ ಹವಳದ ದಿಬ್ಬ, ಮುಂದೆ ಒಂದರ ಹಿಂದೊಂದು ನಾ ಪಾಲಿಯ ಕಡಿದಾದ ಗೋಡೆಗಳು ಕಾಣುತ್ತವೆ. ದಾರಿಯ ಪಕ್ಕದಲ್ಲಿ ಬಿಳಲೂರಿ ನಿಂತಿರುವ ಗಿಡವನ್ನು ಅವರು ಕೇದಗೆ ಎಂದರೆ ತಪ್ಪೇನಿಲ್ಲ, ಅಲ್ಲಿಯ ಹಾಲಾ ಅದೇ ಕುಲದ್ದು.

ಮೂರನೆಯ ಉತ್ತರ: ಒಬ್ಬರೂ ಬುಕಿಂಗ್ ವಿಚಾರ ಹೇಳಿಲ್ಲ. 2018ರ ಏಪ್ರಿಲ್‌ನ ಭಾರೀ ಮಳೆಗೆ ರಸ್ತೆ ಕುಸಿದು, ಈ ದಾರಿ ಶುರುವಾಗುವ ಹಾಯೆನಾ ಉದ್ಯಾನ ವರ್ಷಕ್ಕೂ ಹೆಚ್ಚು ಕಾಲ ಮುಚ್ಚಿತ್ತು. 2019ರ ಜೂನ್‌ನಲ್ಲಿ ತೆರೆದ ಮೇಲೆ, ಹವಾಯಿಯ ನಿವಾಸಿಗಳಲ್ಲದವರು ಮೊದಲೇ ಕಾಯ್ದಿರಿಸದೆ ಒಳಗೆ ಹೋಗುವಂತಿಲ್ಲ. 30 ದಿನ ಮುಂಚೆ ಕಿಂಡಿ ತೆರೆಯುತ್ತದೆ, ಡಿಸೆಂಬರ್ ಕೊನೆಯ ವಾರದ ಪಾರ್ಕಿಂಗ್ ಜಾಗಗಳು ನೋಡನೋಡುತ್ತಲೇ ಮುಗಿದುಹೋಗುತ್ತವೆ. ಅದು ಸಿಗದಿದ್ದರೆ ಶಟಲ್ ಬಸ್ಸಿನ ಟಿಕೆಟ್ ತೆಗೆದುಕೊಳ್ಳಿ, ಪ್ರವೇಶ ಅದರಲ್ಲೇ ಸೇರಿರುತ್ತದೆ. ನಾವು ಬಸ್ಸಿನಲ್ಲೇ ಹೋದೆವು.

ಇನ್ನೆರಡು ಮಾತು. ಹನಕಾಪಿಯಾಯ್‌ನಲ್ಲಿ ಸಮುದ್ರಕ್ಕೆ ಪಾದವನ್ನೂ ಇಳಿಸಬೇಡಿ. ಅಲ್ಲಿ ಅಲೆ ತಡೆಯುವ ಹವಳದ ದಿಬ್ಬವಿಲ್ಲ, ಚಳಿಗಾಲದಲ್ಲಿ ಮರಳನ್ನೂ ಅಲೆಗಳು ಕೊಚ್ಚಿಕೊಂಡು ಹೋಗಿ ಬರೀ ಗುಂಡುಕಲ್ಲು ಉಳಿದಿರುತ್ತವೆ. ಹಳ್ಳದ ನೀರನ್ನು ಹಾಗೆಯೇ ಕುಡಿಯಬೇಡಿ, ಇಲಿಜ್ವರದ ಭಯವಿದೆ. ತಲಾ ಎರಡು ಲೀಟರ್ ಹೊತ್ತುಕೊಳ್ಳಿ. ಮಗಳಿಗೆ ಬಿಳಿ ಬಟ್ಟೆ ಹಾಕಬೇಡಿ. ನನ್ನ ಮಗನ ಕಾಲುಚೀಲ ಮೂರು ಸಲ ಒಗೆದ ಮೇಲೂ ಕಾವಿಯ ಬಣ್ಣದ್ದೇ.