ಅಪ್‌ಡೇಟ್: ಸಿಸ್ಟಮ್ ಬದಲಾದ ಮೇಲೆ ಕಾಣೆಯಾಗಿದ್ದ ಅಮ್ಮನ ಧ್ವನಿ ಸಂದೇಶಗಳು ಸಿಕ್ಕಿವೆ

ಆಂಡ್ರಾಯ್ಡ್‌ನ ಹೊಸ ಆವೃತ್ತಿ ಹಾಕಿಕೊಂಡ ಮೇಲೆ ಫ್ಯಾಕ್ಟರಿ ರೀಸೆಟ್ (ಫೋನಿನಲ್ಲಿದ್ದುದನ್ನೆಲ್ಲ ಅಳಿಸಿ ಹೊಸದರಂತೆ ಮಾಡುವುದು) ಮಾಡಬೇಕಾಗಿ ಬಂದು, ತೀರಿಕೊಂಡ ಅಮ್ಮನ ವಾಟ್ಸಾಪ್ ಧ್ವನಿ ಸಂದೇಶಗಳು ಹೋದವು, ಮರಳಿ ಪಡೆಯುವುದು ಹೇಗೆಂದು ಕಳೆದ ವಾರ ಇಲ್ಲಿ ಕೇಳಿದ್ದೆ. ಅವೆಲ್ಲವೂ ಮರಳಿ ಬಂದಿವೆ.

ಗೂಗಲ್ ಖಾತೆಯಿಂದ ಮರುಸ್ಥಾಪಿಸುವ ಸಲಹೆಯಿಂದ ಸಂಪರ್ಕ ಸಂಖ್ಯೆಗಳೂ ಆ್ಯಪ್‌ಗಳೂ ಬಂದವು. ಆದರೆ ವಾಟ್ಸಾಪ್‌ನ ಕ್ಲೌಡ್ ಬ್ಯಾಕಪ್ಪನ್ನು (ಮಾತುಕತೆಗಳ ನಕಲನ್ನು ಇಂಟರ್ನೆಟ್‌ನಲ್ಲಿ ಉಳಿಸುವ ಸೌಲಭ್ಯ) ನಾನು ಎಂದೂ ಆನ್ ಮಾಡಿರಲಿಲ್ಲವಾದ್ದರಿಂದ ಮಾತುಕತೆಗಳು ಬರಲಿಲ್ಲ. ಫಲ ಕೊಟ್ಟದ್ದು ನಾನು ಲ್ಯಾಪ್‌ಟಾಪಿನಲ್ಲಿ ಮೊದಲೇ ನಕಲು ಮಾಡಿಟ್ಟಿದ್ದ ವಾಟ್ಸಾಪ್ ಫೋಲ್ಡರನ್ನು ಬಳಸಿ ಎಂದವರ ಸಲಹೆ. ವಾಟ್ಸಾಪನ್ನು ತೆಗೆದುಹಾಕಿ, ಮತ್ತೆ ಇನ್‌ಸ್ಟಾಲ್ ಮಾಡಿ, ಅದನ್ನು ತೆರೆಯುವ ಮುನ್ನವೇ ‘ಆಂಡ್ರಾಯ್ಡ್’ ಫೋಲ್ಡರಿನೊಳಗಿನ ‘ಮೀಡಿಯಾ’ದಲ್ಲಿ ಹಳೆಯ ವಾಟ್ಸಾಪ್ ಫೋಲ್ಡರನ್ನು ಇದ್ದ ಜಾಗದಲ್ಲೇ ಇಟ್ಟು, ಹಿಂದಿನ ನಂಬರಿನಿಂದಲೇ ನೋಂದಾಯಿಸಿದಾಗ ‘ರಿಸ್ಟೋರ್’ ಎಂಬ ಆಯ್ಕೆ ತಾನಾಗಿ ಬಂದಿತು. ಮೊದಲ ಸಲ ನಾನು ಲಾಗಿನ್ ಆದ ಮೇಲೆ ಫೈಲುಗಳನ್ನು ಹಾಕಿದ್ದರಿಂದ ಆ ಪ್ರಶ್ನೆಯೇ ಬಂದಿರಲಿಲ್ಲ.

ನನಗೆ ತಿಳಿಯದೆ ಇದ್ದ ಸಂಗತಿಯೆಂದರೆ, ವಾಟ್ಸಾಪ್ ಫೋಲ್ಡರಿನೊಳಗಿನ ‘ಡೇಟಾಬೇಸಸ್’ ಫೋಲ್ಡರಿನಲ್ಲಿ ಇರುವುದು ಮಾತುಕತೆಯ ದಾಖಲೆ ಮಾತ್ರ. ಧ್ವನಿಯ ಫೈಲುಗಳು ಅದೇ ವಾಟ್ಸಾಪ್ ಫೋಲ್ಡರಿನೊಳಗೆ ‘ಮೀಡಿಯಾ’ ಎಂಬ ಬೇರೆ ಫೋಲ್ಡರಿನಲ್ಲಿರುತ್ತವೆ (ಮೇಲೆ ಹೇಳಿದ ‘ಮೀಡಿಯಾ’ ಅಲ್ಲ). ಆದ್ದರಿಂದ ದಯವಿಟ್ಟು ಇಡೀ ವಾಟ್ಸಾಪ್ ಫೋಲ್ಡರನ್ನೇ ನಕಲು ಮಾಡಿಕೊಳ್ಳಿ. ಯುಪಿಐ ಆ್ಯಪ್‌ಗಳನ್ನು ಮಾತ್ರ ಸಿಮ್‌ನಿಂದ ಎಸ್‌ಎಂಎಸ್ ಕಳುಹಿಸಿ ಹೊಸದಾಗಿಯೇ ನೋಂದಾಯಿಸಬೇಕಾಯಿತು.

ಸಲಹೆ ಕೊಟ್ಟವರಿಗೆ ಮನಸಾರೆ ಕೃತಜ್ಞತೆಗಳು. ನಿನ್ನೆ ರಾತ್ರಿ ಮನೆಯವರೆಲ್ಲ ಕುಳಿತು ಅಮ್ಮನ ಧ್ವನಿ ಕೇಳಿದೆವು.