ಡೀನ್ ಹುದ್ದೆಯ ನಿಜವಾದ ಅಧಿಕಾರ ಎಲ್ಲಿದೆ?

ಪ್ರಶ್ನೆ:
ವಿಶ್ವವಿದ್ಯಾಲಯದ ನಿಯಮಾವಳಿಯನ್ನು ಓದಿದರೆ ಕುಲಪತಿಗಳ ಅಧಿಕಾರವೂ ವಿಭಾಗ ಮುಖ್ಯಸ್ಥರ ಕರ್ತವ್ಯಗಳೂ ಸಾಕಷ್ಟು ಸ್ಪಷ್ಟವಾಗಿ ತಿಳಿಯುತ್ತವೆ. ಇವರಿಬ್ಬರ ನಡುವೆ, ಹಲವು ವಿಭಾಗಗಳು ಸೇರಿದ ಕಾಲೇಜು ಅಥವಾ ನಿಕಾಯದ ಮುಖ್ಯಸ್ಥರಾಗಿ ಇರುವ ಡೀನ್ ಅವರ ವಿಷಯಕ್ಕೆ ಬಂದಾಗ ಮಾತ್ರ ಸಮನ್ವಯ, ಮೇಲ್ವಿಚಾರಣೆ, ಶಿಫಾರಸು ಎಂಬ ಮಾತುಗಳಲ್ಲೇ ಎಲ್ಲವೂ ಮುಗಿದುಹೋಗುತ್ತದೆ. ಆದರೆ ನಮ್ಮ ವಿಭಾಗದಲ್ಲಿ ಪ್ರಾಧ್ಯಾಪಕರೊಬ್ಬರು ನಿವೃತ್ತರಾದಾಗ ತೆರವಾದ ಹುದ್ದೆ ನಮಗೆ ಮರಳಲಿಲ್ಲ. ಡೀನ್ ಕಚೇರಿಯ ತೀರ್ಮಾನದಂತೆ ಅದು ಬೇರೊಂದು ವಿಭಾಗದ ಪಾಲಾಯಿತು. ಕೇವಲ ಶಿಫಾರಸು ಮಾಡುವವರಿಗೆ ಇಷ್ಟು ಅಧಿಕಾರ ಎಲ್ಲಿಂದ ಬರುತ್ತದೆ? ಅವರು ಉತ್ತರ ಹೇಳಬೇಕಾದದ್ದು ಬೋಧಕರಿಗೋ, ಕುಲಪತಿಗಳಿಗೋ?

ಉತ್ತರ 1:
ಇದಕ್ಕೆ ಉತ್ತರವನ್ನು ನಿಯಮಾವಳಿಗಿಂತ ಆಯವ್ಯಯದಲ್ಲಿ ಹುಡುಕುವುದು ಒಳ್ಳೆಯದು. ತೆರವಾದ ಹುದ್ದೆಯ ವೇತನದ ಮೊತ್ತ ವಿಭಾಗದಲ್ಲೇ ಉಳಿಯುತ್ತದೆಯೋ, ಡೀನ್ ಅವರ ಲೆಕ್ಕಕ್ಕೆ ಮರಳುತ್ತದೆಯೋ, ಅಥವಾ ಕೇಂದ್ರ ಆಡಳಿತಕ್ಕೆ ಹೋಗುತ್ತದೆಯೋ ಎಂಬ ಒಂದೇ ಸಂಗತಿಯಿಂದ ಡೀನ್ ಎಷ್ಟು ಬಲಶಾಲಿ ಎಂಬುದು ಬಹುಮಟ್ಟಿಗೆ ಗೊತ್ತಾಗುತ್ತದೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರತಿಯೊಂದು ‘ಶಾಲೆ’ಯೂ, ಅಂದರೆ ಅದರ ಒಳಗಿನ ಪ್ರತಿ ಕಾಲೇಜೂ, ತನ್ನ ಖರ್ಚನ್ನು ತಾನೇ ಭರಿಸಬೇಕೆಂಬ ಪದ್ಧತಿ ಬಹಳ ಹಿಂದಿನಿಂದಲೂ ಇರುವುದರಿಂದ ಅಲ್ಲಿನ ಡೀನ್‌ಗಳು ಪ್ರಬಲರು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯವು 1970ರ ದಶಕದಲ್ಲಿ ಇಂಥದೇ ವ್ಯವಸ್ಥೆಯನ್ನು ಜಾರಿಗೆ ತಂದಿತು. ಅದರಲ್ಲಿ ಬೋಧನಾ ಶುಲ್ಕ ನೇರವಾಗಿ ಆಯಾ ಕಾಲೇಜಿಗೆ ಸಲ್ಲುತ್ತದೆ, ಗ್ರಂಥಾಲಯ, ಕಟ್ಟಡ ಮೊದಲಾದ ಸಾಮಾನ್ಯ ವೆಚ್ಚಗಳಿಗೆ ಕಾಲೇಜು ತನ್ನ ಪಾಲನ್ನು ಕೊಡುತ್ತದೆ.

ಇದರ ಅಡ್ಡಪರಿಣಾಮವೂ ಇದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಗಣಿತ ವಿಭಾಗದವರು ಪಾಠ ಮಾಡಿದರೆ ಶುಲ್ಕದ ಒಂದು ಪಾಲು ಹೊರಗೆ ಹೋಗುತ್ತದೆಂದು, ಎಂಜಿನಿಯರಿಂಗ್ ಡೀನ್ ತಮ್ಮಲ್ಲೇ ಗಣಿತದ ಕೋರ್ಸ್ ಆರಂಭಿಸುವ ಆಸೆಗೆ ಬೀಳುತ್ತಾರೆ. ಲೆಕ್ಕದ ದೃಷ್ಟಿಯಿಂದ ಅದು ಜಾಣತನ, ವಿದ್ಯೆಯ ದೃಷ್ಟಿಯಿಂದ ಹಾಗೆನ್ನುವುದು ಕಷ್ಟ.

ಉತ್ತರ 2:
ಹಣದ ಮಾತನ್ನು ಒಪ್ಪುತ್ತೇನೆ, ಆದರೆ ಅಷ್ಟೇ ಸಾಲದು. ಡೀನ್ ಯಾರಿಗೆ ಉತ್ತರದಾಯಿ ಎಂಬುದನ್ನು ನೇಮಕದ ಕ್ರಮವೇ ನಿರ್ಧರಿಸುತ್ತದೆ. ಜರ್ಮನಿಯಲ್ಲಿ ಸಾಮಾನ್ಯವಾಗಿ ನಿಕಾಯದ ಪರಿಷತ್ತೇ ಪ್ರಾಧ್ಯಾಪಕರೊಬ್ಬರನ್ನು ಡೀನ್ ಆಗಿ ಚುನಾಯಿಸುತ್ತದೆ, ಅವಧಿ ಮುಗಿದ ಮೇಲೆ ಅವರು ಬೋಧನೆಗೆ ಮರಳುತ್ತಾರೆ. ಡೆನ್ಮಾರ್ಕ್ 2003ರ ಕಾನೂನಿನ ಮೂಲಕ ಚುನಾವಣೆಯನ್ನು ಕೈಬಿಟ್ಟು ನೇಮಕಾತಿಯ ದಾರಿಯನ್ನು ಹಿಡಿಯಿತು. ಭಾರತದಲ್ಲಿ 2009ರ ಕೇಂದ್ರೀಯ ವಿಶ್ವವಿದ್ಯಾಲಯಗಳ ಅಧಿನಿಯಮಕ್ಕೆ ಒಳಪಟ್ಟ ಸಂಸ್ಥೆಗಳಲ್ಲಿ ಪ್ರಾಧ್ಯಾಪಕರನ್ನು ಜ್ಯೇಷ್ಠತೆಯ ಸರದಿಯಂತೆ ಮೂರು ವರ್ಷಗಳ ಅವಧಿಗೆ ನೇಮಿಸುವ ಕ್ರಮವಿದೆ. ಸರದಿಯಿಂದ ಬಂದವರು ನಾಳೆ ಅದೇ ಸಹೋದ್ಯೋಗಿಗಳ ನಡುವೆ ಕೂರಬೇಕಾದವರು. ಆದ್ದರಿಂದ ಒಂದು ವಿಭಾಗದ ಹುದ್ದೆಯನ್ನು ಕಿತ್ತು ಇನ್ನೊಂದಕ್ಕೆ ಕೊಡುವಂಥ ನಿರ್ಧಾರವನ್ನು ಅವರು ಸುಲಭಕ್ಕೆ ಕೈಗೆತ್ತಿಕೊಳ್ಳುವುದಿಲ್ಲ. ಮೇಲಿನವರು ನೇಮಿಸಿದ ಡೀನ್‌ಗೆ ಆ ಮುಲಾಜು ಕಡಿಮೆ, ಮೇಲಿನವರ ಮುಲಾಜು ಹೆಚ್ಚು. ನನ್ನ ಮಟ್ಟಿಗೆ ಮೊದಲನೆಯ ಬಗೆಯ ಡೀನ್ ನಿಧಾನಿಯಾದರೂ ವಾಸಿ.

ಉತ್ತರ 3:
ಡೀನ್ ಕಚೇರಿಯಲ್ಲಿ ಬಡ್ತಿಯ ಕಡತಗಳನ್ನು ನೋಡಿಕೊಂಡ ಅನುಭವದಿಂದ ಶಿಫಾರಸಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಹೊರಗಿನ ತಜ್ಞರ ಅಭಿಪ್ರಾಯ ಪತ್ರಗಳು, ವಿಭಾಗದ ಮತದಾನದ ವಿವರ, ಮುಖ್ಯಸ್ಥರ ಟಿಪ್ಪಣಿ, ಕಾಲೇಜು ಸಮಿತಿಯ ವರದಿ ಇವೆಲ್ಲ ಸೇರಿ ದಪ್ಪಗಾದ ಕಡತದ ಮೇಲೆ ಕೊನೆಗೆ ಡೀನ್ ಅವರ ಎರಡು ಪುಟಗಳ ಪತ್ರ ಕೂರುತ್ತದೆ, ಮತ್ತು ಸಮಯದ ಅಭಾವವಿರುವ ಮೇಲಧಿಕಾರಿಗಳು ಮೊದಲು ಓದುವುದು ಅದನ್ನೇ. ವಿಭಾಗದಲ್ಲಿ ಮತ ಒಡೆದಿದ್ದರೆ, ವಿರೋಧಿಸಿದವರ ಆಕ್ಷೇಪ ಸಂಶೋಧನೆಯ ಗುಣಮಟ್ಟಕ್ಕೆ ಸಂಬಂಧಿಸಿದ್ದೋ ಅಥವಾ ಹಳೆಯ ವೈಮನಸ್ಸಿನದ್ದೋ ಎಂಬುದನ್ನು ಡೀನ್ ಹೇಗೆ ಬರೆಯುತ್ತಾರೆ ಎಂಬುದರ ಮೇಲೆ ಅಭ್ಯರ್ಥಿಯ ಭವಿಷ್ಯ ನಿಂತಿರುತ್ತದೆ. ಕಾಗದದ ಮೇಲೆ ಅದು ಶಿಫಾರಸು ಮಾತ್ರ, ನಿಜ. ಆದರೆ ಅದನ್ನು ತಳ್ಳಿಹಾಕಲು ಮೇಲಿನವರು ಕಾರಣ ಕೊಡಬೇಕಾಗುತ್ತದೆ.

ಪ್ರಶ್ನೆ ಕೇಳಿದವರು:
ಉತ್ತರಗಳಿಗೆ ಧನ್ಯವಾದಗಳು. ನಮ್ಮಲ್ಲಿ ಡೀನ್ ಅವರನ್ನು ಕುಲಪತಿಗಳೇ ನೇಮಿಸುತ್ತಾರೆ, ತೆರವಾದ ಹುದ್ದೆಗಳೂ ಡೀನ್ ಕಚೇರಿಗೇ ಮರಳುತ್ತವೆ. ಹಾಗಿದ್ದಲ್ಲಿ ವಿಭಾಗವು ಏನನ್ನು ಕೇಳುವುದು ಸಮಂಜಸ?

ಉತ್ತರ 1 ಬರೆದವರು:
ಹುದ್ದೆಯನ್ನೇ ವಾಪಸು ಕೇಳುವ ಮೊದಲು, ಹಂಚಿಕೆಯ ಮಾನದಂಡವನ್ನು ಲಿಖಿತವಾಗಿ ಕೇಳಿ: ವಿದ್ಯಾರ್ಥಿಗಳ ಸಂಖ್ಯೆಯೋ, ಬೋಧನೆಯ ಹೊರೆಯೋ, ಹೊಸ ಕೋರ್ಸಿನ ಯೋಜನೆಯೋ ಎಂಬುದು ಅದರಿಂದ ಹೊರಬೀಳುತ್ತದೆ. ಮುಖ್ಯಸ್ಥರೊಬ್ಬರೇ ಹೋಗಿ ಕೇಳುವುದಕ್ಕಿಂತ ವಿಭಾಗದ ಸಭೆಯಲ್ಲಿ ನಿರ್ಣಯ ಮಾಡಿ ಕಳುಹಿಸುವುದು ಮೇಲು, ಏಕೆಂದರೆ ನಿರ್ಣಯ ಕಡತಕ್ಕೆ ಸೇರುತ್ತದೆ, ಮಾತು ಸೇರುವುದಿಲ್ಲ. ಮುಂದಿನ ವರ್ಷದ ಆಯವ್ಯಯ ಸಿದ್ಧವಾಗುವ ಮುನ್ನವೇ ಅದು ಡೀನ್ ಕಚೇರಿಯನ್ನು ತಲುಪುವಂತೆ ನೋಡಿಕೊಳ್ಳಿ.