ಧಾರವಾಡದಿಂದ ಅಪ್ಪ ಬರ್ತಿದ್ದಾರೆ, ಬೇಸಿಗೆಯಲ್ಲಿ ಯಾವ ಕಛೇರಿ ಕೇಳಿಸಲಿ?

ಡೊಂಬಿವಲಿಯಿಂದ ಪ್ರಶ್ನೆ

ನಾವು ಮುಂಬೈಗೆ ಬಂದು ಒಂದೇ ವರ್ಷ. ಏಪ್ರಿಲ್ ಮೊದಲ ವಾರ ಅಪ್ಪ ಬರುತ್ತಾರೆ, ಜೂನ್ 10ಕ್ಕೆ ವಾಪಸ್. ವಯಸ್ಸು 74, ಮಂಡಿ ನೋವಿದೆ. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ ಅವರನ್ನು ಎದುರಿಗೆ ಕೂತು ಕೇಳಿದವರು. ಅಮ್ಮ ಹೋದ ಮೇಲೆ ರೇಡಿಯೊ ಕೂಡ ಹಚ್ಚುತ್ತಿಲ್ಲ. ಒಂದೆರಡು ಒಳ್ಳೆ ಕಛೇರಿ ಕೇಳಿಸಬೇಕು ಅಂತ ಆಸೆ. ಈ ಸೆಕೆಯಲ್ಲಿ ಎಲ್ಲಿಗೆ ಕರೆದುಕೊಂಡು ಹೋಗಲಿ?

ಮಾಟುಂಗದಿಂದ

ತಂಗಿ, ಇಲ್ಲಿ ಸಂಗೀತದ ದೊಡ್ಡ ಹಂಗಾಮು ನವೆಂಬರ್‌ನಿಂದ ಫೆಬ್ರವರಿವರೆಗೆ. ಬೇಸಿಗೆಯಲ್ಲಿ ಕಾರ್ಯಕ್ರಮ ಕಡಿಮೆ. ಆದರೆ ಕೆಲವೇ ಜನ ಹತ್ತಿರ ಕೂತು ಕೇಳುವ ಸಣ್ಣ ಬೈಠಕ್‌ಗಳು, ಗುರುಗಳ ಪುಣ್ಯತಿಥಿಗೆ ಶಿಷ್ಯರು ಹಾಡುವ ಕಛೇರಿಗಳು ನಡೆಯುತ್ತಲೇ ಇರುತ್ತವೆ. ಅವೇ ನಿಮ್ಮ ಅಪ್ಪನಿಗೆ ಸರಿ.

ನಾನು ಮಾಡಿದ ತಪ್ಪು ಹೇಳುತ್ತೇನೆ. ನಮ್ಮ ಅತ್ತೆಯವರನ್ನು ಒಂದು ಮೇ ತಿಂಗಳಲ್ಲಿ ಮೂವರು ಕಲಾವಿದರಿದ್ದ ಸಂಜೆ ಕಛೇರಿಗೆ ಕರೆದುಕೊಂಡು ಹೋದೆ. ಅವರು ಕೇಳಬೇಕು ಅಂದಿದ್ದ ಗಾಯಕಿ ಕೊನೆಗೆ ಕೂತರು. ಅಷ್ಟರಲ್ಲಿ ಅತ್ತೆಗೆ ಏಸಿಯ ಚಳಿಗೆ ಕಾಲು ಹಿಡಿದುಕೊಂಡಿತ್ತು. ರಾಗವನ್ನು ನಿಧಾನವಾಗಿ ಬಿಡಿಸುವ ಬಡಾ ಖ್ಯಾಲ್ ಅರ್ಧಕ್ಕೆ ಬಿಟ್ಟು ಎದ್ದು ಬಂದೆವು. ದಾರಿಯುದ್ದಕ್ಕೂ ಅವರು ಮಾತಾಡಲಿಲ್ಲ. ಅದು ಇವತ್ತಿಗೂ ನನಗೆ ನೋವು.

ಹಾಗಾಗಿ ಒಬ್ಬರೇ ಹಾಡುವ ಕಛೇರಿ ಹುಡುಕಿ. ಅದರಲ್ಲೂ ಬೆಳಗಿನದು ಸಿಕ್ಕರೆ ಬಿಡಬೇಡಿ. ಸಂಜೆ ಆರೂವರೆಗೆ ಶುರುವಾಗಿ ಒಂಬತ್ತೂವರೆಗೆ ಮುಗಿಯುವ ಕಛೇರಿಯಲ್ಲಿ ಮಾರ್ವಾ, ಪೂರಿಯಾ, ಯಮನ್ ಸಿಗುತ್ತವೆ. ಬೆಳಗಿನ ರಾಗಗಳಾದ ಲಲತ್, ತೋಡಿ ಎಲ್ಲಿ ಸಿಗಬೇಕು? ಆ ರಾಗಗಳನ್ನು ಅವುಗಳ ಹೊತ್ತಿನಲ್ಲೇ ಕೇಳಿ ಎಷ್ಟು ವರ್ಷ ಆಗಿದೆಯೋ ಅಪ್ಪನಿಗೆ! ಪ್ರಭಾದೇವಿಯ ರವೀಂದ್ರ ನಾಟ್ಯ ಮಂದಿರದ ಆವರಣದಲ್ಲಿ ಬೆಳಗಿನ ಕಛೇರಿಗಳು ಆಗಿವೆ. ಅಲ್ಲಿಯ ಪ್ರಕಟಣೆ ನೋಡುತ್ತಾ ಇರಿ.

ಷಣ್ಮುಖಾನಂದಕ್ಕೆ ಹೋದರೆ ಬಾಲ್ಕನಿ ಟಿಕೆಟ್ ಬೇಡ. ಎರಡೂವರೆ ಸಾವಿರಕ್ಕಿಂತ ಜಾಸ್ತಿ ಜನ ಹಿಡಿಸುವ ಸಭಾಂಗಣ, ಮಂಡಿ ನೋವಿನವರಿಗೆ ಆ ಮೆಟ್ಟಿಲು ಕಷ್ಟ. ಎಲ್ಲಿಗೇ ಹೋದರೂ ಒಂದು ಶಾಲು ಚೀಲದಲ್ಲಿರಲಿ.

ಠಾಣೆಯಿಂದ

ಭಾನುವಾರ ಮೆಗಾ ಬ್ಲಾಕ್ (ಹಳಿ ದುರಸ್ತಿಗೆ ಲೋಕಲ್ ಗಾಡಿ ಕಡಿಮೆ ಮಾಡುವುದು) ಇದೆಯೇ ನೋಡಿಕೊಂಡೇ ಹೊರಡಿ. ಮುಂಜಾನೆ ಹೋಗುವಾಗ ತೊಂದರೆ ಗೊತ್ತಾಗುವುದಿಲ್ಲ. ಕಛೇರಿ ಮುಗಿಸಿ ಹನ್ನೊಂದಕ್ಕೆ ಸ್ಟೇಷನ್‌ಗೆ ಬಂದಾಗ ಗಾಡಿಗಳು ತಡ, ಮೇಲೆ ಬಿಸಿಲು. ನಾವು ದಾದರ್‌ನಲ್ಲೇ ಊಟ ಮಾಡಿ, ನೆರಳಲ್ಲಿ ಕೂತು, ನಾಲ್ಕರ ಮೇಲೆ ಹೊರಡುತ್ತೇವೆ.

ಪುಣೆಯಿಂದ

ಎರಡು ದಿನ ಪುಣೆಗೆ ಕರೆತನ್ನಿ ಅಕ್ಕಾ. ಸವಾಯಿ ಗಂಧರ್ವ ಉತ್ಸವ ಡಿಸೆಂಬರ್‌ನಲ್ಲಿ, ಅದು ಈಗ ಸಿಗುವುದಿಲ್ಲ. ತಮ್ಮ ಗುರು, ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ ಭೀಮಸೇನ ಜೋಶಿಯವರು 1953ರಲ್ಲಿ ಅದನ್ನು ಶುರು ಮಾಡಿದ ಊರು ಇದು ಅಂದರೆ ಸಾಕು, ಅಪ್ಪ ತಾವೇ ಕಥೆ ಶುರು ಮಾಡುತ್ತಾರೆ ನೋಡಿ.

ಇಲ್ಲಿ ಬೇಸಿಗೆಯಲ್ಲಿ ಮನೆ ಬೈಠಕ್ ಕೇಳಬೇಕು. ಹೋದ ವರ್ಷ ಮೇ ತಿಂಗಳಲ್ಲಿ, ಮಧ್ಯಾಹ್ನ ಹನ್ನೆರಡಕ್ಕೆ, ಹಳೇ ಮನೆಯೊಂದರ ನಡುಮನೆಯಲ್ಲಿ ನಲವತ್ತು ಜನ ಕೂತಿದ್ದೆವು. ಮೈಕ್ ಇಲ್ಲ. ತಂಬೂರಿ ಕೇಳಿಸುತ್ತಿಲ್ಲ ಅಂತ ಯಾರೋ ಫ್ಯಾನ್ ಆರಿಸಿದರು. ಬೆವರು ಇಳಿಯುತ್ತಿತ್ತು, ಯಾರೂ ಅಲುಗಾಡಲಿಲ್ಲ. ವೃಂದಾವನಿ ಸಾರಂಗ್ ಶುರುವಾಯಿತು. ಗಾಂಧಾರ, ಧೈವತ ಇಲ್ಲದ ನಡುಹಗಲಿನ ರಾಗ ಅದು. ಸ್ವರಗಳ ನಡುವೆ ಅಷ್ಟು ಜಾಗ ಇರುತ್ತದೆ. ಹೊರಗಿನ ಆ ಸುಡು ಬಿಸಿಲಿಗೂ ಈ ರಾಗಕ್ಕೂ ಏನು ಸಂಬಂಧ ಅನ್ನುವುದು ನನಗೆ ಆವತ್ತು ತಿಳಿಯಿತು. ಏಸಿ ಹಾಲ್‌ನಲ್ಲಿ ಅದೇ ರಾಗ ಎಷ್ಟೋ ಸಲ ಕೇಳಿದ್ದೆ.

ನೆಲದ ಮೇಲೆ ಕೂರಬೇಕಾಗುತ್ತದೆ. ಮೊದಲೇ ಹೇಳಿದರೆ ಗೋಡೆ ಪಕ್ಕ ಕುರ್ಚಿ ಹಾಕಿಕೊಡುತ್ತಾರೆ. ಸಂಕೋಚ ಬೇಡ.

ಮತ್ತೆ ಮಾಟುಂಗದಿಂದ

ಒಂದು ಮಾತು ಬಿಟ್ಟಿದ್ದೆ. ಜೂನ್ 10ಕ್ಕೆ ಅಪ್ಪನನ್ನು ಯಾಕೆ ಕಳಿಸುತ್ತೀರಿ? ಮುಂಬೈಗೆ ಮಳೆ ಬರುವುದೇ ಆ ಹೊತ್ತಿಗೆ. ಆಮೇಲೆ ಗೌಡ್ ಮಲ್ಹಾರ್, ಮಿಯಾ ಮಲ್ಹಾರ್‌ನಂಥ ಮಳೆಗಾಲದ ರಾಗಗಳ ಕಛೇರಿಗಳು. ಆಷಾಢ ಏಕಾದಶಿಯ ಸುಮಾರಿಗೆ ಊರ ತುಂಬಾ ಅಭಂಗ, ಅಂದರೆ ವಿಠ್ಠಲನ ಮರಾಠಿ ಭಕ್ತಿಗೀತೆ. ಮಳೆ ದಿನಗಳಲ್ಲಿ ತಬಲಾದ ಚರ್ಮ ತೇವಕ್ಕೆ ಸಡಿಲಾಗಿ ಶ್ರುತಿ ಇಳಿಯುತ್ತದೆ, ಸುತ್ತಿಗೆ ಹಿಡಿದು ಮತ್ತೆ ಮತ್ತೆ ಕೂಡಿಸುತ್ತಾರೆ. ನನಗೆ ಆ ಸದ್ದೂ ಇಷ್ಟ.

ಡೊಂಬಿವಲಿಯಿಂದ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಾತ್ರಿ ಅಪ್ಪನಿಗೆ ಫೋನ್‌ನಲ್ಲಿ ಇವೆಲ್ಲ ಓದಿ ಹೇಳಿದೆ. ಸಾರಂಗ್ ವಿಷಯ ಬಂದಾಗ ಸುಮ್ನೆ ಇದ್ದರು. ಆಮೇಲೆ, "ಮಧ್ಯಾಹ್ನದ ಬೈಠಕ್ ಖರೇನ ಇರತಾವೇನ?" ಅಂತ ಕೇಳಿದರು. ವಾಪಸ್ ಟಿಕೆಟ್ ಜುಲೈ ಕೊನೆಗೆ ಮಾಡಿಸುತ್ತಿದ್ದೇನೆ. ಭಾನುವಾರ ಮೊದಲ ಗಾಡಿಗೆ ಡೊಂಬಿವಲಿಯಿಂದ ಕಛೇರಿಗೆ ಹೊರಡುವವರು ಯಾರಾದರೂ ಇದ್ದರೆ ತಿಳಿಸಿ, ನಾವಿಬ್ಬರೂ ಜೊತೆಗೆ ಬರುತ್ತೇವೆ.